ಬೆಂಜೀನ್, ಝೈಲೀನ್, ಝಿಯೋಲೈಟ್: ಅಳೆದದ್ದು ವಿಸರಣೆಯೇ ಹೌದೇ?

ಝಿಯೋಲೈಟ್ ಅಂದರೆ ಅಣುಗಾತ್ರದ ರಂಧ್ರಗಳಿರುವ ಹರಳು. ಅದರೊಳಗೆ ಅಣುಗಳು ಅಲೆಯುತ್ತಾ ಹರಡುವುದು ವಿಸರಣೆ, ಅದು ಎಷ್ಟು ವೇಗ ಎಂಬುದರ ಅಳತೆ ವಿಸರಣ ಗುಣಾಂಕ. ಸಿಲಿಕಲೈಟ್ ಎಂಬ ಝಿಯೋಲೈಟ್‌ನಲ್ಲಿ ಬೆಂಜೀನ್‌ನ ವಿಸರಣ ಗುಣಾಂಕ ಎಷ್ಟು ಅಂತ ಹುಡುಕಿ ನೋಡಿ. ಝಿಯೋಲೈಟ್ ಅದೇ, ಅಣು ಅದೇ, ಉಷ್ಣತೆಯೂ ಅದೇ. ಆದರೂ ಸಿಗುವ ಅಂಕಿಗಳ ನಡುವೆ ಹತ್ತು ಪಟ್ಟು ಅಂತರ ಸಾಮಾನ್ಯ. ಸೋಡಿಯಂ ಎಕ್ಸ್ ಝಿಯೋಲೈಟ್‌ನಲ್ಲಂತೂ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ಅಣುಗಳ ಅಲೆದಾಟ ನೋಡುವ ವಿಧಾನ) ಹೇಳುವ ಅಂಕಿಗೂ ಆವಿ ಹೀರಿದ ಮಾದರಿಯ ತೂಕದ ಏರಿಕೆಯಿಂದ ಲೆಕ್ಕ ಹಾಕಿದ ಅಂಕಿಗೂ ನೂರು ಪಟ್ಟಿನವರೆಗೆ ವ್ಯತ್ಯಾಸ ಬಂದು, ಅದರ ಮೇಲೆ ವರ್ಷಗಟ್ಟಲೆ ಜಗಳ ನಡೆದಿದೆ. ಇದರಲ್ಲಿ ದೊಡ್ಡ ಪಾಲು ಲೆಕ್ಕದ ತಪ್ಪಲ್ಲ, ಅಳೆದ ವಸ್ತುವೇ ಬೇರೆ. ಒಬ್ಬರು ಹರಳಿನೊಳಗಿನ ಚಲನೆ ಅಳೆದಿರುತ್ತಾರೆ. ಇನ್ನೊಬ್ಬರು ಪುಡಿಯ ರಾಶಿಯೊಳಗೆ ಆವಿ ಇಳಿಯುವ ವೇಗವನ್ನು, ಮತ್ತೊಬ್ಬರು ಬಿಸಿಯಾದ ಮಾದರಿ ತಣ್ಣಗಾಗುವ ವೇಗವನ್ನು ಅಳೆದು, ಮೂವರೂ ಅದಕ್ಕೆ ವಿಸರಣೆ ಅಂತಲೇ ಹೆಸರಿಟ್ಟಿರುತ್ತಾರೆ.

ಆದ್ದರಿಂದ ಗುಣಾಂಕ ಲೆಕ್ಕ ಹಾಕುವ ಮೊದಲು, ಅಳೆದದ್ದು ವಿಸರಣೆಯೇ ಅಂತ ಸಾಬೀತು ಮಾಡಬೇಕು. ಈ ಬರಹದಲ್ಲಿ ಮುಕ್ಕಾಲು ಪಾಲು ಅದರ ಬಗ್ಗೆಯೇ.

ಎರಡು ಬಗೆಯ ರಂಧ್ರ

ಬೆಂಜೀನ್ ಉಂಗುರವಿರುವ ಆರೊಮ್ಯಾಟಿಕ್‌ಗಳ ಮಟ್ಟಿಗೆ ಎರಡು ರಚನೆಗಳು ಗೊತ್ತಿದ್ದರೆ ಬಹುಪಾಲು ಕೆಲಸ ನಡೆಯುತ್ತದೆ.

ಒಂದು ಎಂಎಫ್‌ಐ ಎಂಬ ಸಂಕೇತದ ರಚನೆ. ಅಲ್ಯುಮಿನಿಯಂ ಇದ್ದರೆ ಝಡ್‌ಎಸ್‌ಎಂ-5, ಬರೀ ಸಿಲಿಕಾ ಆದರೆ ಸಿಲಿಕಲೈಟ್-1. ಝಡ್‌ಎಸ್‌ಎಂ-5ರ ಪೇಟೆಂಟ್ 1972ರಲ್ಲಿ ಮೊಬಿಲ್ ಕಂಪನಿಗೆ ಸಿಕ್ಕಿತು; ಸಿಲಿಕಲೈಟ್ 1978ರಲ್ಲಿ ಪ್ರಕಟವಾಯಿತು. ಹತ್ತು ಆಮ್ಲಜನಕಗಳ ಉಂಗುರದ ಕಾಲುವೆಗಳು ಎರಡು ದಿಕ್ಕಿನಲ್ಲಿ ಹಾಯುತ್ತವೆ. ನೇರ ಕಾಲುವೆ ಸುಮಾರು 5.3 × 5.6 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ), ಅಂಕುಡೊಂಕು ಕಾಲುವೆ 5.1 × 5.5. ಇವು ಕೂಡುವಲ್ಲಿ ಜಾಗ ಸುಮಾರು 9 ಆಂಗ್‌ಸ್ಟ್ರಾಮ್‌ನಷ್ಟು ಅಗಲವಾಗುತ್ತದೆ. ಒಂದು ಯೂನಿಟ್ ಸೆಲ್‌ಗೆ (ಹರಳಿನಲ್ಲಿ ಮರುಕಳಿಸುವ ಘಟಕಕ್ಕೆ) 96 ಸಿಲಿಕಾನ್, ನಾಲ್ಕು ಕೂಡುಜಾಗ. ಈ ನಾಲ್ಕು ಎಂಬ ಸಂಖ್ಯೆ ಮುಂದೆ ಮತ್ತೆ ಮತ್ತೆ ಎದುರಾಗುತ್ತದೆ.

ಇನ್ನೊಂದು ಫೌಜಸೈಟ್, ಅಂದರೆ ಎಕ್ಸ್ ಮತ್ತು ವೈ ಝಿಯೋಲೈಟ್‌ಗಳು. ಇಲ್ಲಿ ಹನ್ನೆರಡು ಆಮ್ಲಜನಕಗಳ ಕಿಂಡಿ, 7.4 ಆಂಗ್‌ಸ್ಟ್ರಾಮ್. ಒಳಗೆ ಸುಮಾರು 12 ಆಂಗ್‌ಸ್ಟ್ರಾಮ್‌ನ ದೊಡ್ಡ ಪಂಜರಗಳು, ಪ್ರತಿ ಪಂಜರಕ್ಕೆ ನಾಲ್ಕು ಕಿಂಡಿ, ಒಂದು ಯೂನಿಟ್ ಸೆಲ್‌ಗೆ ಎಂಟು ಪಂಜರ. ಇಲ್ಲಿ ಇಕ್ಕಟ್ಟಿಗಿಂತ ಮುಖ್ಯವಾದದ್ದು ಪಂಜರದ ಗೋಡೆಗೆ ಅಂಟಿಕೊಂಡ ಸೋಡಿಯಂ, ಪೊಟ್ಯಾಸಿಯಂ, ಬೇರಿಯಂ ಅಯಾನುಗಳು.

ಬೆಂಜೀನ್‌ಗೆ ಒಂದು ಮೀಥೈಲ್ ಸೇರಿದರೆ ಟಾಲುಈನ್, ಎರಡು ಸೇರಿದರೆ ಝೈಲೀನ್; ಆ ಎರಡರ ಜಾಗಕ್ಕೆ ತಕ್ಕಂತೆ ಆರ್ಥೋ, ಮೆಟಾ, ಪ್ಯಾರಾ ಎಂಬ ಮೂರು ಬಗೆ. ಅಣುಗಳ ಗಾತ್ರಕ್ಕೆ ಬಳಸುವ ವ್ಯಾಸ ಬೆಂಜೀನ್, ಟಾಲುಈನ್, ಪ್ಯಾರಾಝೈಲೀನ್ ಮೂರಕ್ಕೂ 5.85 ಆಂಗ್‌ಸ್ಟ್ರಾಮ್, ಆರ್ಥೋ ಮತ್ತು ಮೆಟಾಝೈಲೀನ್‌ಗೆ 6.8. ಹಾಗಾದರೆ 5.6ರ ಕಾಲುವೆಯಲ್ಲಿ 5.85ರ ಅಣು ಹೋಗುವುದು ಹೇಗೆ? ಕಾಲುವೆಯ ಅಳತೆ ಆಮ್ಲಜನಕವನ್ನು 1.35 ಆಂಗ್‌ಸ್ಟ್ರಾಮ್ ತ್ರಿಜ್ಯದ ಗಟ್ಟಿ ಗುಂಡು ಎಂದುಕೊಂಡು ಮಾಡಿದ್ದು. ನಿಜದಲ್ಲಿ ಅದು ಗಟ್ಟಿಯೂ ಅಲ್ಲ, ಉಂಗುರ ಸ್ಥಿರವೂ ಅಲ್ಲ. ಬೆಂಜೀನ್ ಕೂಡ ಗುಂಡಲ್ಲ, 3.4 ಆಂಗ್‌ಸ್ಟ್ರಾಮ್ ದಪ್ಪದ ಬಿಲ್ಲೆ. ಪ್ಯಾರಾಝೈಲೀನ್‌ನ ಎರಡು ಮೀಥೈಲ್‌ಗಳು ಎರಡು ತುದಿಗಳಲ್ಲಿ ಇರುವುದರಿಂದ ಅಣು ಉದ್ದವಾಗುತ್ತದೆಯೇ ಹೊರತು ದಪ್ಪವಾಗುವುದಿಲ್ಲ. ಆರ್ಥೋ, ಮೆಟಾಗಳಲ್ಲಿ ಮೀಥೈಲ್ ಪಕ್ಕಕ್ಕೆ ಚಾಚಿ ಅಡ್ಡಗಲ ಹೆಚ್ಚಿಸುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಪ್ರಾಜೆಕ್ಟ್ ವರದಿಗಳಲ್ಲಿ ಬೇರೂರಿಬಿಟ್ಟಿದೆ: "ಆರ್ಥೋಝೈಲೀನ್ ಝಡ್‌ಎಸ್‌ಎಂ-5ರೊಳಗೆ ಹೋಗುವುದಿಲ್ಲ" ಅಂತ. ಹೋಗುತ್ತದೆ. ಪ್ಯಾರಾಗಿಂತ ಸುಮಾರು ಸಾವಿರ ಪಟ್ಟು ನಿಧಾನವಾಗಿ ಹೋಗುತ್ತದೆ, ಅಷ್ಟೇ. ಅರ್ಧ ಗಂಟೆ ಕಾದು "ಸೇರಲಿಲ್ಲ" ಎಂದು ಬರೆದವರು ಇಡೀ ರಾತ್ರಿ ಬಿಟ್ಟಿದ್ದರೆ ತೂಕ ಏರುವುದನ್ನು ನೋಡುತ್ತಿದ್ದರು. ಇಲ್ಲಿ ಬೇರ್ಪಡಿಸುತ್ತಿರುವುದು ಬಾಗಿಲಲ್ಲ, ವೇಗ.

ಮಾದರಿ ಸಿದ್ಧತೆ

ಸಿಲಿಕಲೈಟ್ ತಯಾರಾದಾಗ ಅದರ ಕಾಲುವೆಗಳಲ್ಲಿ ಹರಳು ಬೆಳೆಸಲು ಬಳಸಿದ ಟೆಟ್ರಾಪ್ರೊಪೈಲ್ ಅಮೋನಿಯಂ ಕೂತಿರುತ್ತದೆ, ಯೂನಿಟ್ ಸೆಲ್‌ಗೆ ನಾಲ್ಕು. ಸುಡುವಾಗ ತೂಕದಲ್ಲಿ ಸುಮಾರು 12 ಶೇಕಡಾ ಇಳಿಯಬೇಕು. ಗಾಳಿಯಲ್ಲಿ ನಿಮಿಷಕ್ಕೆ 1 ಡಿಗ್ರಿಯಂತೆ ಏರಿಸಿ, 550 ಡಿಗ್ರಿ ಸೆಲ್ಸಿಯಸ್‌ನಲ್ಲಿ 8ರಿಂದ 10 ಗಂಟೆ. ಸಣ್ಣ ಪುಡಿಗೆ 5 ಡಿಗ್ರಿ ವೇಗವೂ ನಡೆಯುತ್ತದೆ. ಆದರೆ 50 ಮೈಕ್ರಾನ್‌ಗಿಂತ ದೊಡ್ಡ ಹರಳಿಗೆ ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಹರಳಿನ ಉದ್ದಗಲ ಸೂಕ್ಷ್ಮದರ್ಶಕದಲ್ಲಿ ಮೊದಲಿನಂತೆಯೇ ಕಾಣುತ್ತದೆ, ಅಣುಗಳು ಸಾಗುವ ದೂರ ಮಾತ್ರ ಕಡಿಮೆಯಾಗಿರುತ್ತದೆ. ಲೆಕ್ಕಕ್ಕೆ ಹಳೆಯ ಅಳತೆ ಹಾಕಿದರೆ ಗುಣಾಂಕ ಎಷ್ಟೋ ಪಟ್ಟು ಹೆಚ್ಚು ಬರುತ್ತದೆ. ಸುಟ್ಟ ಮೇಲೆ ಪುಡಿ ಹಾಲಿನಂತೆ ಬೆಳ್ಳಗಿರಬೇಕು. ಬೂದು ಅಥವಾ ಕಂದು ಛಾಯೆ ಇದ್ದರೆ ಇಂಗಾಲ ಉಳಿದಿದೆ ಎಂದೇ ಅರ್ಥ, ಮತ್ತೆ ಸುಡಿ.

ಎಕ್ಸ್ ಝಿಯೋಲೈಟ್‌ನ ಕಷ್ಟ ಬೇರೆ. ಕೋಣೆಯಲ್ಲಿ ತೆರೆದಿಟ್ಟ 13ಎಕ್ಸ್ (ಸೋಡಿಯಂ ಎಕ್ಸ್‌ನ ಮಾರುಕಟ್ಟೆ ಹೆಸರು) ತನ್ನ ತೂಕದ ಕಾಲು ಭಾಗಕ್ಕೂ ಹೆಚ್ಚು ನೀರು ಕುಡಿದಿರುತ್ತದೆ. ಅದನ್ನು ದಪ್ಪ ಪದರವಾಗಿ ಹಾಕಿ ಒಮ್ಮೆಲೇ 400 ಡಿಗ್ರಿಗೆ ಒಯ್ದರೆ ಹೊರಬರುವ ಹಬೆಯಲ್ಲೇ ಹರಳು ಬೆಂದು ಹಾಳಾಗುತ್ತದೆ. ನಿರ್ವಾತದಲ್ಲಿ 120 ಡಿಗ್ರಿಗೆ ಎರಡು ಗಂಟೆ ನಿಲ್ಲಿಸಿ, ಆಮೇಲೆ ನಿಮಿಷಕ್ಕೆ 1 ಡಿಗ್ರಿಯಂತೆ 350–400ಕ್ಕೆ ಏರಿಸಿ ರಾತ್ರಿಯಿಡೀ ಬಿಡಬೇಕು. ಒಣಗಿದ ತೂಕವನ್ನು ಆ ಉಪಕರಣದೊಳಗೇ, ಗಾಳಿಗೆ ತೆರೆಯದೆ ತೆಗೆದುಕೊಳ್ಳಿ. ಹೊರಗೆ ತೂಗಿ ತಂದ "ಒಣ" ಮಾದರಿ ದಾರಿಯಲ್ಲೇ ಅರ್ಧ ಒದ್ದೆಯಾಗಿರುತ್ತದೆ. ಉಳಿದ ನೀರು ಅಯಾನುಗಳನ್ನು ಮುಚ್ಚುವುದರಿಂದ ಬೆಂಜೀನ್‌ನ ಹಿಡಿತವೇ ಸಡಿಲಾಗುತ್ತದೆ.

ನಿರ್ವಾತ ಪಂಪು ಎಣ್ಣೆಯದ್ದಾದರೆ ಮಧ್ಯೆ ದ್ರವ ಸಾರಜನಕದ ಟ್ರ್ಯಾಪ್ ಇರಲೇಬೇಕು. ಪಂಪಿನ ಎಣ್ಣೆಯ ಆವಿಯನ್ನು ಹೀರಿಕೊಂಡ ಝಿಯೋಲೈಟ್ ಮುಂದೆ ಬೆಂಜೀನ್‌ಗೆ ಜಾಗ ಕೊಡುವುದಿಲ್ಲ.

ಐಸೋಥರ್ಮ್: ನಾಲ್ಕು ಮತ್ತು ಎಂಟು

ಒಂದೇ ಉಷ್ಣತೆಯಲ್ಲಿ ಒತ್ತಡ ಹೆಚ್ಚಿದಂತೆ ಎಷ್ಟು ಆವಿ ಸೇರಿತು ಎಂದು ತೋರಿಸುವ ರೇಖೆಯೇ ಐಸೋಥರ್ಮ್. ಮಿಲಿಗ್ರಾಂ ಲೆಕ್ಕದಲ್ಲಿ ಬರೆದ ಐಸೋಥರ್ಮ್‌ನಿಂದ ಏನೂ ಹೊಳೆಯುವುದಿಲ್ಲ. ಯೂನಿಟ್ ಸೆಲ್‌ಗೆ ಎಷ್ಟು ಅಣು ಎಂದು ಬದಲಿಸಿಕೊಳ್ಳಿ. ಸಿಲಿಕಲೈಟ್‌ನ ಯೂನಿಟ್ ಸೆಲ್ ತೂಕ ಮೋಲ್‌ಗೆ 5768 ಗ್ರಾಂ, ಹಾಗಾಗಿ ಸೆಲ್‌ಗೆ ಒಂದು ಅಣು ಎಂದರೆ ಗ್ರಾಂಗೆ 0.173 ಮಿಲಿಮೋಲ್. ಬೆಂಜೀನ್ ನಾಲ್ಕು ಅಣು ಎಂದರೆ ಗ್ರಾಂಗೆ 54 ಮಿಲಿಗ್ರಾಂ, ಎಂಟಾದರೆ 108. ಪ್ಯಾರಾಝೈಲೀನ್ ನಾಲ್ಕಕ್ಕೆ 74, ಎಂಟಕ್ಕೆ 147. ಸೋಡಿಯಂ ಎಕ್ಸ್‌ಗೆ, ಸೆಲ್‌ಗೆ 86 ಅಲ್ಯುಮಿನಿಯಂ ಇರುವ ಮಾದರಿಯಾದರೆ ಯೂನಿಟ್ ಸೆಲ್ ತೂಕ ಸುಮಾರು 13,400. ಪಂಜರಕ್ಕೆ ಒಂದು ಬೆಂಜೀನ್ ಎಂದರೆ ಗ್ರಾಂಗೆ 47 ಮಿಲಿಗ್ರಾಂ, ಐದು ಅಣು ತುಂಬಿದರೆ 233.

ಸಿಲಿಕಲೈಟ್‌ನಲ್ಲಿ ಕೋಣೆಯ ಉಷ್ಣತೆಯ ಸುತ್ತಮುತ್ತ ಪ್ಯಾರಾಝೈಲೀನ್‌ನ ಐಸೋಥರ್ಮ್ ಸೆಲ್‌ಗೆ ನಾಲ್ಕು ಅಣುವಿನವರೆಗೆ ಚುರುಕಾಗಿ ಏರಿ, ಅಲ್ಲಿ ಚಪ್ಪಟೆಯಾಗಿ ನಿಂತು, ಒತ್ತಡ ಇನ್ನೂ ಹೆಚ್ಚಿದಾಗ ಒಂದೇ ಜಿಗಿತದಲ್ಲಿ ಎಂಟರ ಹತ್ತಿರಕ್ಕೆ ಹೋಗುತ್ತದೆ. ಇಳಿಸುವಾಗ ಅದೇ ದಾರಿಯಲ್ಲಿ ಬರುವುದಿಲ್ಲ. ಮೊದಲ ನಾಲ್ಕು ಅಣುಗಳು ಕೂಡುಜಾಗಗಳಲ್ಲಿ ನೇರ ಕಾಲುವೆಯ ಉದ್ದಕ್ಕೆ ಮಲಗುತ್ತವೆ. ಮುಂದಿನ ನಾಲ್ಕು ಅಂಕುಡೊಂಕು ಕಾಲುವೆಗೆ ನುಗ್ಗಬೇಕು. ಅದಕ್ಕಾಗಿ ಝಿಯೋಲೈಟ್‌ನ ಚೌಕಟ್ಟೇ ತನ್ನ ಸಮಮಿತಿ ಬದಲಿಸಿಕೊಳ್ಳುತ್ತದೆ. ಖಾಲಿ ಸಿಲಿಕಲೈಟ್ ಕೋಣೆಯ ಉಷ್ಣತೆಯಲ್ಲಿ ಮಾನೋಕ್ಲಿನಿಕ್ (ಯೂನಿಟ್ ಸೆಲ್‌ನ ಒಂದು ಕೋನ ಓರೆ). ಅಣುಗಳು ಸೇರುತ್ತಿದ್ದಂತೆ ಆರ್ಥೊರಾಂಬಿಕ್ (ಮೂರೂ ಕೋನ ನೇರ) ಆಗುತ್ತದೆ, ಎಂಟು ಪ್ಯಾರಾಝೈಲೀನ್ ತುಂಬಿದಾಗ ಮೂರನೆಯ ರೂಪ ತಾಳುತ್ತದೆ. ಚೌಕಟ್ಟು ಅತಿಥಿಗೆ ತಕ್ಕಂತೆ ಬಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಚೌಕಟ್ಟನ್ನು ಅಲ್ಲಾಡದಂತೆ ಇಟ್ಟು ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಮಾಡಿದರೆ ಈ ಮೆಟ್ಟಿಲು ಸರಿಯಾಗಿ ಬರದಿರುವುದಕ್ಕೆ ಕಾರಣವೂ ಇದೇ.

ಬೆಂಜೀನ್‌ನದು ಇಷ್ಟು ಚೂಪಾದ ಮೆಟ್ಟಿಲಲ್ಲ. ನಾಲ್ಕರ ಬಳಿ ಬಾಗಿ, ಕಡಿಮೆ ಉಷ್ಣತೆಯಲ್ಲಿ ಆವಿ ಸಂತೃಪ್ತವಾಗುವ ಹೊತ್ತಿಗೆ ಎಂಟರ ಹತ್ತಿರ ಮುಟ್ಟುತ್ತದೆ. ಉಷ್ಣತೆ ಹೆಚ್ಚಿದಂತೆ ಮೆಟ್ಟಿಲು ಹೆಚ್ಚಿನ ಒತ್ತಡದ ಕಡೆಗೆ ಸರಿಯುತ್ತಾ ಕೊನೆಗೆ ಉಪಕರಣದ ವ್ಯಾಪ್ತಿಯಿಂದಲೇ ಆಚೆ ಹೋಗುತ್ತದೆ. ನಿಮ್ಮ ಮಾದರಿಯಲ್ಲಿ ಪ್ಯಾರಾಝೈಲೀನ್ 25 ಡಿಗ್ರಿಯಲ್ಲೂ ನಾಲ್ಕಕ್ಕೆ ಮುಟ್ಟದೆ ಮೂರರಲ್ಲೇ ನಿಂತಿತೇ? ಮೊದಲು ಇಂಗಾಲ ಉಳಿದಿದೆಯೇ ನೋಡಿ, ಆಮೇಲೆ ಸಾರಜನಕದಿಂದ ಸೂಕ್ಷ್ಮರಂಧ್ರಗಳ ಗಾತ್ರ ಅಳೆಯಿರಿ. ಒಳ್ಳೆಯ ಸಿಲಿಕಲೈಟ್‌ಗೆ ಅದು ಗ್ರಾಂಗೆ 0.17–0.19 ಘನ ಸೆಂಟಿಮೀಟರ್ ಬರಬೇಕು.

ಆವಿ ಕೊಡುವ ಸೀಸೆಯ (ನೀರಿನ ತೊಟ್ಟಿಯಲ್ಲಿಟ್ಟು, ದ್ರವದೊಳಗೆ ಹೀಲಿಯಂ ಹಾಯಿಸಿ ಆವಿ ಒಯ್ಯುವಂಥದ್ದು) ಬಗ್ಗೆ ಒಂದು ಮಾತು. 25 ಡಿಗ್ರಿಯಲ್ಲಿ ಬೆಂಜೀನ್‌ನ ಆವಿ ಒತ್ತಡ 12.7 ಕಿಲೊಪ್ಯಾಸ್ಕಲ್, ಟಾಲುಈನ್‌ನದು 3.8, ಪ್ಯಾರಾಝೈಲೀನ್‌ನದು 1.2. ಕಡಿಮೆ ಒತ್ತಡ ಬೇಕೆಂದು ನೀರಿನ ತೊಟ್ಟಿಯನ್ನು ತಣ್ಣಗೆ ಮಾಡುತ್ತಾ ಹೋದರೆ ಪ್ಯಾರಾಝೈಲೀನ್ 13.3 ಡಿಗ್ರಿಗೇ ಗಡ್ಡೆ ಕಟ್ಟುತ್ತದೆ, ಬೆಂಜೀನ್ 5.5ಕ್ಕೆ. ಗಡ್ಡೆ ಕಟ್ಟಿದ ಮೇಲೂ ಹೀಲಿಯಂ ಹರಿಯುತ್ತಿರುತ್ತದೆ, ಸಾಂದ್ರತೆ ಮಾತ್ರ ನೀವು ಅಂದುಕೊಂಡದ್ದಾಗಿರುವುದಿಲ್ಲ. ತೊಟ್ಟಿಯನ್ನು ತಣಿಸುವ ಬದಲು ಎರಡನೆಯ ಹೀಲಿಯಂ ಧಾರೆ ಬೆರೆಸಿ ತೆಳುಮಾಡಿ.

ತೂಕ ಏರುವ ವೇಗದಿಂದ ಗುಣಾಂಕ

ಗೋಲಾಕಾರದ ಹರಳೊಂದು ತನ್ನ ಅಂತಿಮ ತೂಕದ ಅರ್ಧಕ್ಕೆ ಮುಟ್ಟಲು ಬೇಕಾದ ಸಮಯಕ್ಕೆ ಸರಳ ಸೂತ್ರವಿದೆ: 0.03ನ್ನು ತ್ರಿಜ್ಯದ ವರ್ಗದಿಂದ ಗುಣಿಸಿ, ವಿಸರಣ ಗುಣಾಂಕದಿಂದ ಭಾಗಿಸಿ. ಪ್ರಯೋಗ ಶುರು ಮಾಡುವ ಮೊದಲೇ ಈ ಲೆಕ್ಕ ಹಾಕಿ. ಕೋಣೆಯ ಉಷ್ಣತೆಯಲ್ಲಿ ಸಿಲಿಕಲೈಟ್‌ನೊಳಗೆ ಬೆಂಜೀನ್‌ಗೆ ಸೆಕೆಂಡಿಗೆ 10⁻¹⁴ ಚದರ ಮೀಟರ್ ಎಂಬ ಅಂದಾಜು ಹಿಡಿಯೋಣ. ಹರಳಿನ ತ್ರಿಜ್ಯ 1 ಮೈಕ್ರಾನ್ ಆದರೆ ಅರ್ಧ ಸಮಯ 3 ಸೆಕೆಂಡು. 10 ಮೈಕ್ರಾನ್ ಆದರೆ 5 ನಿಮಿಷ. 50 ಮೈಕ್ರಾನ್ ಆದರೆ ಎರಡು ಗಂಟೆಗೂ ಮಿಕ್ಕು.

ಅಂಗಡಿಯಲ್ಲಿ ಸಿಗುವ ಝಡ್‌ಎಸ್‌ಎಂ-5 ಹರಳುಗಳು ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತಲೂ ಚಿಕ್ಕವು. ಮೂರು ಸೆಕೆಂಡಿನಲ್ಲಿ ಮುಗಿಯಬೇಕಾದ ವಿಸರಣೆಯನ್ನು, ಕವಾಟ ತೆರೆದು ಒತ್ತಡ ನೆಲೆನಿಲ್ಲಲು ಐದು ಸೆಕೆಂಡು ತೆಗೆದುಕೊಳ್ಳುವ ತಕ್ಕಡಿಯಲ್ಲಿ ಅಳೆದರೆ ಸಿಗುವುದು ಕವಾಟದ ಗುಣಾಂಕ. ಆದರೂ ರೇಖೆ ನುಣುಪಾಗಿ ಬರುತ್ತದೆ, ಸೂತ್ರಕ್ಕೆ ಚೆನ್ನಾಗಿ ಹೊಂದುತ್ತದೆ. ಮೋಸ ಹೋಗುವುದು ಅಲ್ಲೇ. ಎರಡು ನಿಯತಾಂಕದ ಸೂತ್ರಕ್ಕೆ ಏರಿ ನಿಲ್ಲುವ ಯಾವ ರೇಖೆಯೂ ಹೊಂದುತ್ತದೆ.

ಎರಡನೆಯ ಶತ್ರು ಶಾಖ. ಸಿಲಿಕಲೈಟ್ ಮೇಲೆ ಬೆಂಜೀನ್ ಕೂರುವಾಗ ಮೋಲ್‌ಗೆ 55–60 ಕಿಲೊಜೂಲ್ ಬಿಡುಗಡೆಯಾಗುತ್ತದೆ. ಸೆಲ್‌ಗೆ ನಾಲ್ಕು ಅಣು ತುಂಬಿದರೆ ಗ್ರಾಂಗೆ ಸುಮಾರು 40 ಜೂಲ್. ಝಿಯೋಲೈಟ್‌ನ ಉಷ್ಣಧಾರಣೆ ಗ್ರಾಂಗೆ ಡಿಗ್ರಿಗೆ 0.9 ಜೂಲ್‌ನಷ್ಟು ಎಂದುಕೊಂಡರೂ, ಶಾಖ ಹೊರಹೋಗಲು ದಾರಿಯಿಲ್ಲದಿದ್ದರೆ ಮಾದರಿ 40 ಡಿಗ್ರಿಗೂ ಹೆಚ್ಚು ಬಿಸಿಯಾಗುತ್ತದೆ. ಬಿಸಿಯಾದ ಮಾದರಿ ಕಡಿಮೆ ಹಿಡಿದುಕೊಳ್ಳುತ್ತದೆ. ತಣ್ಣಗಾಗುತ್ತಾ ಬಂದಂತೆ ನಿಧಾನವಾಗಿ ಉಳಿದದ್ದನ್ನು ತೆಗೆದುಕೊಳ್ಳುತ್ತದೆ. ಗ್ರಾಫಿನಲ್ಲಿ ಇದರ ಗುರುತು ಸ್ಪಷ್ಟ: ಮೊದಲು ಕಡಿದಾದ ಏರಿಕೆ, ಆಮೇಲೆ ಎಳೆದಾಡುವ ಬಾಲ. ಆ ಬಾಲವನ್ನು ವಿಸರಣೆ ಎಂದು ಓದಬೇಡಿ.

ಇವೆರಡನ್ನೂ ತಡೆಯುವ ಕ್ರಮಗಳು ಸರಳವೇ. ಮಾದರಿ 5ರಿಂದ 10 ಮಿಲಿಗ್ರಾಂ ಸಾಕು, ಅಗಲ ತಟ್ಟೆಯಲ್ಲಿ ಒಂದೇ ಪದರಕ್ಕೆ ಹರಡಿ. ಖಾಲಿಯಿಂದ ತುಂಬಿದ ಮಟ್ಟಕ್ಕೆ ಒಮ್ಮೆಲೇ ಜಿಗಿಯದೆ ಒತ್ತಡವನ್ನು ಸಣ್ಣ ಸಣ್ಣ ಮೆಟ್ಟಿಲಲ್ಲಿ ಏರಿಸಿ, ಪ್ರತಿ ಮೆಟ್ಟಿಲಿಗೆ ಗುಣಾಂಕ ತೆಗೆಯಿರಿ. 5 ಮಿಲಿಗ್ರಾಂ ಮಾದರಿ ನಾಲ್ಕು ಅಣು ತುಂಬಿಕೊಂಡಾಗ ತೂಕ ಏರುವುದು 0.27 ಮಿಲಿಗ್ರಾಂ ಮಾತ್ರ, ಹಾಗಾಗಿ ತಕ್ಕಡಿ 1 ಮೈಕ್ರೊಗ್ರಾಂ ತೋರಿಸುವಂಥದ್ದಾಗಿರಬೇಕು.

ಇಷ್ಟಾದ ಮೇಲೆ ಮೂರು ಪರೀಕ್ಷೆ. ಮಾದರಿಯನ್ನು ಅರ್ಧಕ್ಕಿಳಿಸಿ ಮತ್ತೆ ಅಳೆಯಿರಿ. ವೇಗ ಬದಲಾದರೆ ಪುಡಿಯ ಪದರವೋ ಶಾಖವೋ ಅಡ್ಡಬಂದಿದೆ. ಏರಿಕೆ ಮತ್ತು ಇಳಿಕೆ ಎರಡನ್ನೂ ನೋಡಿ. ಸಣ್ಣ ಮೆಟ್ಟಿಲಿನಲ್ಲಿ ಎರಡೂ ಒಂದೇ ಗುಣಾಂಕ ಕೊಡಬೇಕು. ಮೂರನೆಯದು ಎಲ್ಲಕ್ಕಿಂತ ಗಟ್ಟಿ: ಬೇರೆ ಬೇರೆ ಗಾತ್ರದ ಹರಳುಗಳಲ್ಲಿ ಅಳೆಯುವುದು. ಅರ್ಧ ಸಮಯ ತ್ರಿಜ್ಯದ ವರ್ಗದಂತೆ ಹೆಚ್ಚಿದರೆ ಅದು ಹರಳಿನೊಳಗಿನ ವಿಸರಣೆ. ತ್ರಿಜ್ಯದಂತೆಯೇ ಹೆಚ್ಚಿದರೆ ಮೇಲ್ಮೈಯ ತಡೆ, ಅಂದರೆ ಹೊರಪದರದ ರಂಧ್ರಗಳು ಮುಚ್ಚಿಕೊಂಡಿವೆ. ಗಾತ್ರ ಎಷ್ಟಾದರೂ ಸಮಯ ಬದಲಾಗದಿದ್ದರೆ ನಿಮ್ಮ ಉಪಕರಣವನ್ನೇ ಅಳೆಯುತ್ತಿದ್ದೀರಿ. ಎರಡು ಗಾತ್ರದ ಹರಳು ಬೆಳೆಸುವುದು ತಿಂಗಳ ಕೆಲಸ, ನಿಜ. ಅದನ್ನು ಮಾಡದೆ ಬರೆದ ಗುಣಾಂಕವನ್ನು ನಾನು ಅಂದಾಜು ಎಂದೇ ಓದುತ್ತೇನೆ.

ತ್ರಿಜ್ಯ ಎಂದೆ. ಆದರೆ ಸಿಲಿಕಲೈಟ್ ಹರಳು ಗುಂಡಗಿರುವುದಿಲ್ಲ, ಶವಪೆಟ್ಟಿಗೆಯ ಆಕಾರದಲ್ಲಿರುತ್ತದೆ. 100 × 20 × 20 ಮೈಕ್ರಾನ್ ಹರಳಿಗೆ ಯಾವ ತ್ರಿಜ್ಯ ಹಾಕುವುದು? ಘನಗಾತ್ರವನ್ನು ಹೊರಮೈ ವಿಸ್ತೀರ್ಣದಿಂದ ಭಾಗಿಸಿ ಮೂರರಿಂದ ಗುಣಿಸಿ: 40,000 ಭಾಗಿಸು 8,800, ಗುಣಿಸು 3, ಅಂದರೆ 13.6 ಮೈಕ್ರಾನ್. ಇದರ ಬದಲು ಉದ್ದದ ಅರ್ಧ 50 ಎಂದು ಹಾಕಿದರೆ ಗುಣಾಂಕ ಹದಿಮೂರು ಪಟ್ಟು ಹೆಚ್ಚಾಗುತ್ತದೆ. ಮೇಲಾಗಿ ಈ ದೊಡ್ಡ ಹರಳುಗಳು ಬಹುತೇಕ ಒಂಟಿ ಹರಳುಗಳಲ್ಲ, 90 ಡಿಗ್ರಿ ತಿರುಗಿದ ತುಂಡುಗಳು ಒಂದಕ್ಕೊಂದು ಹೊಸೆದುಕೊಂಡು ಬೆಳೆದವು. ಹೊರಗಿನಿಂದ ನೇರ ಕಾಲುವೆಯ ಮುಖ ಎಂದು ಕಂಡದ್ದು ಒಳಗೆ ಅಂಕುಡೊಂಕಿನದ್ದಾಗಿರಬಹುದು. ಧ್ರುವೀಕೃತ ಬೆಳಕಿನಲ್ಲಿ ಸೂಕ್ಷ್ಮದರ್ಶಕದಡಿ ನೋಡಿದರೆ ಮರಳುಗಡಿಯಾರದಂಥ ಗೆರೆಗಳು ಕಾಣುತ್ತವೆ.

ಝಡ್‌ಎಲ್‌ಸಿ: ಒಂದೆರಡು ಮಿಲಿಗ್ರಾಂ ಸಾಕು

ಶಾಖ ಮತ್ತು ಪದರ ಎರಡರ ಕಾಟವನ್ನೂ ಒಟ್ಟಿಗೆ ತಗ್ಗಿಸುವ ವಿಧಾನವನ್ನು ಕೆನಡಾದ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದ ಐಚ್ ಮತ್ತು ರುತ್ವೆನ್ 1988ರಲ್ಲಿ ಪ್ರಕಟಿಸಿದರು. ಉದ್ದವೇ ಇಲ್ಲದ ಕಾಲಮ್ (ಝೀರೋ ಲೆಂಗ್ತ್ ಕಾಲಮ್, ಚಿಕ್ಕದಾಗಿ ಝಡ್‌ಎಲ್‌ಸಿ) ಅನ್ನಬಹುದಾದ ಈ ವಿಧಾನದಲ್ಲಿ ಒಂದೆರಡು ಮಿಲಿಗ್ರಾಂ ಹರಳುಗಳನ್ನು ಎರಡು ಸರಂಧ್ರ ಲೋಹದ ಬಿಲ್ಲೆಗಳ ನಡುವೆ ಒಂದೇ ಪದರವಾಗಿ ಉದುರಿಸುತ್ತಾರೆ. ಹೀಲಿಯಂನಲ್ಲಿ ತೀರ ತೆಳುವಾಗಿ ಬೆರೆಸಿದ ಬೆಂಜೀನ್ ಹರಿಸಿ ಸಮತೋಲನಕ್ಕೆ ತಂದು, ಒಂದು ಕ್ಷಣದಲ್ಲಿ ಶುದ್ಧ ಹೀಲಿಯಂಗೆ ಬದಲಿಸಿ, ಹೊರಬರುವ ಬೆಂಜೀನ್ ಇಳಿಯುವುದನ್ನು ಎಫ್‌ಐಡಿ ಡಿಟೆಕ್ಟರ್‌ನಲ್ಲಿ (ಆವಿಯನ್ನು ಜ್ವಾಲೆಯಲ್ಲಿ ಸುಟ್ಟು ಅಳೆಯುವಂಥದ್ದು) ನೋಡುತ್ತಾರೆ.

ಹೊರಬರುವ ಸಾಂದ್ರತೆಯನ್ನು ಆರಂಭದ ಸಾಂದ್ರತೆಯಿಂದ ಭಾಗಿಸಿ, ಅದರ ಲಾಗರಿದಮ್ ಅನ್ನು ಸಮಯದೆದುರು ಬರೆದರೆ ಕೊನೆಯ ಭಾಗ ನೇರ ಗೆರೆಯಾಗುತ್ತದೆ. ಹರಿವು ಸಾಕಷ್ಟು ಜೋರಾಗಿದ್ದರೆ ಆ ಗೆರೆಯ ಇಳಿಜಾರು ಎಂದರೆ ಪೈ ವರ್ಗ ಗುಣಿಸು ಗುಣಾಂಕ ಭಾಗಿಸು ತ್ರಿಜ್ಯದ ವರ್ಗ. ಉದಾಹರಣೆಗೆ ತ್ರಿಜ್ಯ 10 ಮೈಕ್ರಾನ್, ಇಳಿಜಾರು ಸೆಕೆಂಡಿಗೆ 0.002 ಆದರೆ ಗುಣಾಂಕ ಸೆಕೆಂಡಿಗೆ 2 × 10⁻¹⁴ ಚದರ ಮೀಟರ್. ಗೆರೆಯನ್ನು ಸೊನ್ನೆ ಸಮಯಕ್ಕೆ ಎಳೆದರೆ ಅಕ್ಷವನ್ನು ಮುಟ್ಟುವ ಎತ್ತರ, ಎರಡನ್ನು 'ಎಲ್' ಎಂಬ ಸಂಖ್ಯೆಯಿಂದ ಭಾಗಿಸಿದಷ್ಟು. ವಿಸರಣೆಗೆ ಬೇಕಾದ ಸಮಯ, ಹೀಲಿಯಂ ತೊಳೆಯುವ ಸಮಯ, ಇವೆರಡರ ಹೋಲಿಕೆಯೇ ಈ ಎಲ್. ಹೀಲಿಯಂ ಹರಿವಿಗೆ ನೇರ ಅನುಪಾತದಲ್ಲಿರುತ್ತದೆ.

ಈ ವಿಧಾನದ ಸೊಗಸು ಏನೆಂದರೆ ಪರೀಕ್ಷೆ ಅದರೊಳಗೇ ಇದೆ. ಹೀಲಿಯಂ ಹರಿವನ್ನು ನಿಮಿಷಕ್ಕೆ 50 ಮಿಲಿಲೀಟರ್‌ನಿಂದ 100ಕ್ಕೆ ಏರಿಸಿ. ಇಳಿಜಾರು ಹಾಗೇ ಉಳಿದು, ಅಕ್ಷ ಮುಟ್ಟುವ ಎತ್ತರ ಅರ್ಧವಾದರೆ ನೀವು ವಿಸರಣೆಯನ್ನು ಅಳೆಯುತ್ತಿದ್ದೀರಿ. ಇಳಿಜಾರೇ ಎರಡು ಪಟ್ಟಾದರೆ ಅದು ಸಮತೋಲನದ ನಿಯಂತ್ರಣ: ಹರಳು ಎಷ್ಟು ಬೇಗ ಕೊಡಬಲ್ಲದೋ ಅದಕ್ಕಿಂತ ನಿಧಾನವಾಗಿ ನೀವು ತೊಳೆಯುತ್ತಿದ್ದೀರಿ. ಸಮಯದ ಬದಲು ಹರಿವು ಗುಣಿಸು ಸಮಯವನ್ನು ಅಕ್ಷದಲ್ಲಿಟ್ಟು ಬೇರೆ ಬೇರೆ ಹರಿವಿನ ರೇಖೆಗಳನ್ನು ಬರೆಯಿರಿ. ಅವು ಒಂದರ ಮೇಲೊಂದು ಕೂತರೆ ಆ ದತ್ತಾಂಶದಲ್ಲಿ ವಿಸರಣೆಯ ಮಾಹಿತಿಯೇ ಇಲ್ಲ, ಐಸೋಥರ್ಮ್‌ನ ಸ್ಥಿರಾಂಕ ಮಾತ್ರ ಇದೆ. ಎಲ್ 10ಕ್ಕಿಂತ ಹೆಚ್ಚಿರಲಿ. 1ಕ್ಕಿಂತ ಕಡಿಮೆ ಬಂದರೆ ದೊಡ್ಡ ಹರಳಿಗೆ ಹೋಗಿ.

ಕೆಡುವ ಜಾಗಗಳು ಬಹಳ ಇವೆ. ಸಾಂದ್ರತೆ ಐಸೋಥರ್ಮ್‌ನ ನೇರ ಗೆರೆಯ ಭಾಗದಲ್ಲೇ ಇರಬೇಕು. ಅದನ್ನು ಅರ್ಧಕ್ಕಿಳಿಸಿ ನೋಡಿದಾಗ ರೇಖೆ ಬದಲಾಗಬಾರದು. ಕೊಳವೆಗಳು ಸಪೂರ ಸ್ಟೀಲಿನವು, ಉದ್ದಕ್ಕೂ ಬಿಸಿ ಸುತ್ತಿರಬೇಕು. ಎಲ್ಲೋ ಒಂದು ಮೂಲೆಯಲ್ಲಿ ತಣ್ಣನೆಯ ಜಾಗ ಉಳಿದರೂ ಝೈಲೀನ್ ಅಲ್ಲಿ ಕಟ್ಟಿಕೊಂಡು ಆಮೇಲೆ ಮೆಲ್ಲಗೆ ಬಿಡುತ್ತಾ, ನಿಧಾನ ವಿಸರಣೆಯಂತೆಯೇ ಕಾಣುವ ಬಾಲ ಮೂಡಿಸುತ್ತದೆ. ಟೆಫ್ಲಾನ್, ಸಿಲಿಕೋನ್ ಕೊಳವೆ ಮತ್ತು ರಬ್ಬರ್ ಉಂಗುರಗಳು ಆರೊಮ್ಯಾಟಿಕ್‌ಗಳನ್ನು ಹೀರಿ ಇದೇ ಆಟ ಆಡುತ್ತವೆ. ಝಿಯೋಲೈಟ್ ಇಲ್ಲದೆ ಒಮ್ಮೆ ಓಡಿಸಿ. ಡಿಟೆಕ್ಟರ್ ಸಂಕೇತ ಒಂದೆರಡು ಸೆಕೆಂಡಿನಲ್ಲಿ ತಳಕ್ಕೆ ಬೀಳಬೇಕು. ತಳದ ಮಟ್ಟವನ್ನು ಸ್ವಲ್ಪ ಮೇಲೆ ಹಿಡಿದರೂ ಕೆಳಗೆ ಹಿಡಿದರೂ ಲಾಗರಿದಮ್ ಗೆರೆಯ ಕೊನೆ ಬಾಗುತ್ತದೆ. ಹಾಗಾಗಿ ಸಂಕೇತ ಆರಂಭದ ನೂರನೇ ಒಂದು ಭಾಗಕ್ಕಿಂತ ಕೆಳಗಿಳಿದ ಮೇಲೆ ಅದರ ಮೇಲೆ ಗೆರೆ ಹೊಂದಿಸಬೇಡಿ.

ಗುಣಾಂಕವನ್ನು ಮೂರ್ನಾಲ್ಕು ಉಷ್ಣತೆಗಳಲ್ಲಾದರೂ ತೆಗೆಯಿರಿ. ಸಿಲಿಕಲೈಟ್‌ನಲ್ಲಿ ಬೆಂಜೀನ್‌ನ ಸಕ್ರಿಯಗೊಳಿಸುವ ಶಕ್ತಿ (ಅಣು ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿಯಲು ದಾಟಬೇಕಾದ ತಡೆ) ಮೋಲ್‌ಗೆ 25–30 ಕಿಲೊಜೂಲ್ ಸುತ್ತಮುತ್ತ. 28 ಎಂದುಕೊಂಡರೆ 30 ಡಿಗ್ರಿಯಿಂದ 100ಕ್ಕೆ ಹೋದಾಗ ಗುಣಾಂಕ ಸುಮಾರು ಎಂಟು ಪಟ್ಟಾಗಬೇಕು. ಬರೀ ಒಂದೂವರೆ ಪಟ್ಟಾದರೆ ಬೇರೇನೋ ತಡೆಯುತ್ತಿದೆ.

ಎನ್‌ಎಂಆರ್ ಯಾಕೆ ಬೇರೆ ಹೇಳುತ್ತದೆ

ಪಿಎಫ್‌ಜಿ ಎನ್‌ಎಂಆರ್ (ಕಾಂತಕ್ಷೇತ್ರದ ಇಳಿಜಾರನ್ನು ಮಿಡಿತಗಳಾಗಿ ಕೊಡುವ ಬಗೆ), ಸಮತೋಲನದಲ್ಲಿರುವ ಅಣುಗಳು ಕೆಲವು ಮಿಲಿಸೆಕೆಂಡುಗಳಲ್ಲಿ ಒಂದು ಮೈಕ್ರಾನ್‌ನಷ್ಟು ಅಲೆದದ್ದನ್ನು ನೋಡುತ್ತದೆ. ಅದಕ್ಕೆ ಹರಳಿನ ಹೊರಮೈ ಕಾಣುವುದೇ ಇಲ್ಲ. ತೂಕದ ವಿಧಾನಕ್ಕೆ ಹೊರಮೈ ಮತ್ತು ಒಳಗಿನ ಪ್ರತಿ ಬಿರುಕು, ಪ್ರತಿ ಅಡ್ಡಗೋಡೆ ಕಾಣುತ್ತದೆ. ಒಂದು ಅಲೆದಾಟ, ಇನ್ನೊಂದು ಸಾಗಣೆ. ಎರಡನ್ನು ಹೋಲಿಸುವ ಮೊದಲು ಸಾಗಣೆಯ ಗುಣಾಂಕವನ್ನು ಐಸೋಥರ್ಮ್‌ನ ಬಾಗಿನಿಂದ ತಿದ್ದಬೇಕು: ಒತ್ತಡದ ಲಾಗರಿದಮ್, ತುಂಬಿಕೆಯ ಲಾಗರಿದಮ್‌ಗೆ ಎಷ್ಟು ವೇಗವಾಗಿ ಬದಲಾಗುತ್ತದೋ ಅದರಿಂದ ಭಾಗಿಸಬೇಕು. ಪ್ಯಾರಾಝೈಲೀನ್ ಐಸೋಥರ್ಮ್‌ನ ಚಪ್ಪಟೆ ಭಾಗದಲ್ಲಿ ಈ ತಿದ್ದುಪಡಿ ಬೆಟ್ಟದಷ್ಟಾಗುತ್ತದೆ, ಮೆಟ್ಟಿಲು ಏರುವಲ್ಲಿ ಒಂದಕ್ಕಿಂತ ಕಡಿಮೆಯಾಗುತ್ತದೆ. ತಿದ್ದದೆ ಬರೆದರೆ ನಾಲ್ಕು ಅಣುವಿನ ಬಳಿ ಗುಣಾಂಕ ಇದ್ದಕ್ಕಿದ್ದಂತೆ ಚಿಮ್ಮಿದಂತೆ ಕಾಣುತ್ತದೆ. ಅಣುಗಳೇನೂ ಅಲ್ಲಿ ಓಡುತ್ತಿರುವುದಿಲ್ಲ.

ಫೌಜಸೈಟ್‌ನಲ್ಲಿ ಬೆಂಜೀನ್ ಎಲ್ಲಿ ಕೂರುತ್ತದೆ ಎಂಬುದು ನ್ಯೂಟ್ರಾನ್ ವಿವರ್ತನೆಯಿಂದ 1986ರಷ್ಟು ಹಿಂದೆಯೇ ಗೊತ್ತಾಗಿತ್ತು. ಒಂದು ಜಾಗ ಪಂಜರದೊಳಗಿನ ಸೋಡಿಯಂ ಎದುರು, ಬಿಲ್ಲೆಯ ಮುಖ ಅಯಾನಿನತ್ತ. ಇನ್ನೊಂದು ಹನ್ನೆರಡರ ಕಿಂಡಿಯ ನಡುವೆ. ಸೋಡಿಯಂ ಎಕ್ಸ್‌ನಲ್ಲಿ ಪಂಜರ ತುಂಬಿದಂತೆ ಬೆಂಜೀನ್‌ನ ಅಲೆದಾಟ ನಿಧಾನವಾಗುತ್ತದೆ. ಎಂಎಫ್‌ಐ ತರಹದ ಇಕ್ಕಟ್ಟಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಹಿಡಿದಿಡುವುದು ಅಯಾನು.

ಗಾತ್ರ ಹೆಚ್ಚಿದಂತೆ ವೇಗ ಕಡಿಮೆಯಾಗಲೇಬೇಕು ಎಂಬ ಎಣಿಕೆಯನ್ನೇ ಪ್ರಶ್ನಿಸಿದ ಕೆಲಸ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಯಶೋನಾಥ್ ಮತ್ತು ಸಂಗಡಿಗರು 1990ರ ದಶಕದಲ್ಲಿ ವೈ ಮತ್ತು ಎ ಝಿಯೋಲೈಟ್‌ಗಳಲ್ಲಿ ಮಾಡಿದ ಸಿಮ್ಯುಲೇಶನ್‌ಗಳಲ್ಲಿ, ಅಣುವಿನ ಗಾತ್ರ ಕಿಂಡಿಯ ಗಾತ್ರಕ್ಕೆ ಸಮೀಪಿಸಿದಾಗ ವಿಸರಣೆ ಇಳಿಯುವ ಬದಲು ಶಿಖರ ಮುಟ್ಟಿತು. ಕಿಂಡಿಯ ಎಲ್ಲ ಬದಿಯ ಆಮ್ಲಜನಕಗಳೂ ಸಮನಾಗಿ ಎಳೆದಾಗ ಬಲಗಳು ಪರಸ್ಪರ ರದ್ದಾಗಿ ಅಣು ತೇಲಿದಂತೆ ದಾಟುತ್ತದೆ. ಚಿಕ್ಕ ಅಣು ಒಂದು ಗೋಡೆಗೆ ಅಂಟಿ ಕೂರುತ್ತದೆ. ಲೆವಿಟೇಶನ್ ಪರಿಣಾಮ ಎಂದೇ ಇದಕ್ಕೆ ಹೆಸರು. ಚಪ್ಪಟೆಯಾದ, ಅಯಾನುಗಳಿಗೆ ಒಲಿದ ಬೆಂಜೀನ್‌ಗೆ ಇದನ್ನು ನೇರವಾಗಿ ಅನ್ವಯಿಸಲು ಹೋಗಬೇಡಿ. ಗುಂಡಗಿನ, ವಿದ್ಯುದಂಶವಿಲ್ಲದ ಅಣುಗಳಲ್ಲೇ ಅದರ ಚಿತ್ರ ಅತ್ಯಂತ ಸ್ವಚ್ಛ.

ಕಾರ್ಖಾನೆಯಲ್ಲಿ

ಇದೆಲ್ಲಕ್ಕೂ ದುಡ್ಡಿನ ಬೆಂಬಲ ಬಂದಿರುವುದು ಪ್ಯಾರಾಝೈಲೀನ್‌ನಿಂದ. ಪಾಲಿಯೆಸ್ಟರ್ ಬಟ್ಟೆಗೂ ನೀರಿನ ಬಾಟಲಿಗೂ ಮೂಲ ಅದು. ಮಂಗಳೂರಿನಲ್ಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಂಪನಿಯ ಆರೊಮ್ಯಾಟಿಕ್ ಸಂಕೀರ್ಣದ ಪ್ಯಾರಾಝೈಲೀನ್ ಸಾಮರ್ಥ್ಯವೇ ವರ್ಷಕ್ಕೆ ಒಂಬತ್ತು ಲಕ್ಷ ಟನ್ನಿನಷ್ಟು. ಪ್ಯಾರಾ ಕುದಿಯುವುದು 138.4 ಡಿಗ್ರಿಗೆ, ಮೆಟಾ 139.1ಕ್ಕೆ. ಬಟ್ಟಿ ಇಳಿಸಿ ಇವನ್ನು ಬೇರ್ಪಡಿಸುವ ಮಾತೇ ಇಲ್ಲ. 1971ರಿಂದ ಬಳಕೆಯಲ್ಲಿರುವ ಪ್ಯಾರೆಕ್ಸ್ ವಿಧಾನದಲ್ಲಿ ಬೇರಿಯಂ ಅಥವಾ ಬೇರಿಯಂ-ಪೊಟ್ಯಾಸಿಯಂ ತುಂಬಿದ ಎಕ್ಸ್ ಝಿಯೋಲೈಟ್‌ನ 24 ಪದರಗಳಲ್ಲಿ, ಸುಮಾರು 180 ಡಿಗ್ರಿಯಲ್ಲಿ, ದ್ರವ ರೂಪದಲ್ಲೇ ಬೇರ್ಪಡಿಸುತ್ತಾರೆ. ಝಿಯೋಲೈಟ್ ಚಲಿಸುವುದಿಲ್ಲ, ಒಳಹರಿವು ಹೊರಹರಿವಿನ ಜಾಗಗಳನ್ನು ತಿರುಗು ಕವಾಟ ಪದರದಿಂದ ಪದರಕ್ಕೆ ಸರಿಸುತ್ತದೆ. ಹಿಡಿದ ಪ್ಯಾರಾವನ್ನು ಬಿಡಿಸಲು ಪ್ಯಾರಾಡೈಈಥೈಲ್ ಬೆಂಜೀನ್ ಹರಿಸುತ್ತಾರೆ.

ಇಲ್ಲಿ ಗಾತ್ರದ ಮಾತೇ ಬರುವುದಿಲ್ಲ ಎಂಬುದನ್ನು ಗಮನಿಸಿ. 7.4ರ ಕಿಂಡಿಯಲ್ಲಿ ಎಲ್ಲ ಝೈಲೀನ್‌ಗಳೂ ಹೋಗುತ್ತವೆ. ಆಯ್ಕೆ ನಡೆಯುವುದು ಪಂಜರ ತುಂಬಿ ತುಳುಕುವಾಗ, ಯಾವ ಅಣು ಉಳಿದವುಗಳ ಜೊತೆ ಚೆನ್ನಾಗಿ ಹೊಂದಿ ಕೂರುತ್ತದೆ ಎಂಬುದರ ಮೇಲೆ. ಅಯಾನು ಬದಲಿಸಿದರೆ ಆಯ್ಕೆಯೂ ತಿರುಗುತ್ತದೆ: ಪೊಟ್ಯಾಸಿಯಂ ವೈ ಪ್ಯಾರಾವನ್ನು ಹಿಡಿದರೆ, ಸೋಡಿಯಂ ವೈ ಮೆಟಾವನ್ನು ಹಿಡಿಯುತ್ತದೆ. ತೆಳು ಆವಿಯಲ್ಲಿ ಅಳೆದ ಬೇರಿಯಂ ಎಕ್ಸ್‌ನ ಆಯ್ಕೆ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಕಡಿಮೆ ತುಂಬಿಕೆಯಲ್ಲಿ ಆಯ್ಕೆಯೇ ಮಾಯವಾಗುತ್ತದೆ. ಪ್ರಯೋಗಾಲಯದಲ್ಲಿ ಕಡೇ ಹನಿವರೆಗೆ ಓಡಿಸಿದ ನೀರನ್ನು ಇಲ್ಲಿ ಬೇಕೆಂದೇ ಸ್ವಲ್ಪ ಉಳಿಸಿಕೊಳ್ಳುತ್ತಾರೆ. ತೀರ ಒಣಗಿದರೂ ಹೆಚ್ಚು ಒದ್ದೆಯಾದರೂ ಬೇರ್ಪಡಿಕೆ ಕೆಡುತ್ತದೆ. ವೇಗವನ್ನು ತಡೆಯುವುದು ಕೂಡ ಹೆಚ್ಚಾಗಿ ಮೈಕ್ರಾನ್ ಗಾತ್ರದ ಹರಳಲ್ಲ, ಅವನ್ನು ಕಟ್ಟಿ ಮಾಡಿದ ಅರ್ಧ ಮಿಲಿಮೀಟರ್ ಮಣಿಯ ದೊಡ್ಡ ರಂಧ್ರಗಳು. ಮಣಿಯನ್ನು ಪುಡಿಮಾಡಿ ಚಿಕ್ಕದು ಮಾಡಿದಾಗ ವೇಗ ಹೆಚ್ಚಿದರೆ ಅದೇ ಪುರಾವೆ.

ವಿಸರಣೆಯ ಅಂತರ ನಿಜವಾಗಿ ಲಾಭ ತರುವುದು ಝಡ್‌ಎಸ್‌ಎಂ-5 ಮೇಲೆ ಟಾಲುಈನ್‌ನಿಂದ ಝೈಲೀನ್ ಮಾಡುವಾಗ. ಸಮತೋಲನಕ್ಕೆ ಬಿಟ್ಟರೆ ಪ್ಯಾರಾ ಸಿಗುವುದು 24 ಶೇಕಡಾದಷ್ಟು. ಹರಳು ದೊಡ್ಡದು ಮಾಡಿ, ಹೊರಮೈಯನ್ನು ಸಿಲಿಕಾ ಅಥವಾ ಇಂಗಾಲದಿಂದ ಮುಚ್ಚಿದರೆ 90 ಶೇಕಡಾ ದಾಟುತ್ತದೆ. ಒಳಗೆ ಮೂರೂ ಹುಟ್ಟುತ್ತವೆ; ಪ್ಯಾರಾ ಬೇಗ ಹೊರಬೀಳುತ್ತದೆ, ಉಳಿದೆರಡು ಒಳಗೇ ಸಿಕ್ಕಿ ಮತ್ತೆ ಪ್ಯಾರಾ ಆಗಿ ಮಾರ್ಪಡುತ್ತವೆ. ಅಳತೆಗಾರನಿಗೆ ತಲೆನೋವಾದ ಮೇಲ್ಮೈ ತಡೆಯನ್ನು ಇಲ್ಲಿ ದುಡ್ಡು ಕೊಟ್ಟು ಮಾಡಿಸುತ್ತಾರೆ.

ಇದೇ ಕಾರಣಕ್ಕೆ ಆಮ್ಲೀಯ ಝಡ್‌ಎಸ್‌ಎಂ-5ರಲ್ಲಿ 200 ಡಿಗ್ರಿ ಮೇಲೆ ಝೈಲೀನ್ ವಿಸರಣೆ ಅಳೆಯಲು ಹೋಗಬೇಡಿ. ಹಾಕಿದ ಆರ್ಥೋ ಹೊರಬರುವಾಗ ಮೆಟಾ, ಪ್ಯಾರಾ ಆಗಿರಬಹುದು. ಸಿಲಿಕಲೈಟ್ ಅಥವಾ ಸೋಡಿಯಂ ರೂಪ ಬಳಸಿ, ಹೊರಬಂದದ್ದನ್ನು ಒಮ್ಮೆಯಾದರೂ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ಗೆ ಕೊಡಿ. ಅಳತೆ ಮುಗಿದ ಮಾದರಿಯನ್ನು ನೇರವಾಗಿ 550 ಡಿಗ್ರಿ ಗಾಳಿಗೆ ಒಯ್ಯದೆ, ಮೊದಲು ಹೀಲಿಯಂನಲ್ಲಿ 150, ಆಮೇಲೆ 350 ಡಿಗ್ರಿಗೆ ಏರಿಸಿ ಬಿಡಿಸಿ, ಹೊಗೆಗೂಡಿನೊಳಗೇ. ಬೆಂಜೀನ್ ಕ್ಯಾನ್ಸರ್‌ಕಾರಕ, ಅಮೆರಿಕದ ಕೆಲಸದ ಜಾಗದ ಸುರಕ್ಷತಾ ಸಂಸ್ಥೆ ಓಶಾದ ನಿಯಮದಲ್ಲಿ ಎಂಟು ಗಂಟೆಯ ಸರಾಸರಿ ಮಿತಿ ಹತ್ತು ಲಕ್ಷಕ್ಕೆ 1 ಭಾಗ. ಬಿಡಿಸಿದ ಮೇಲೆ ಐಸೋಥರ್ಮ್‌ನ ಮೊದಲ ಬಿಂದುವನ್ನು ಮತ್ತೆ ಅಳೆಯಿರಿ. ಎರಡು ಶೇಕಡಾಕ್ಕಿಂತ ಹೆಚ್ಚು ಇಳಿದಿದ್ದರೆ ಆ ಮಾದರಿಯನ್ನು ಬದಿಗಿಟ್ಟು ಹೊಸದು ತೂಗಿ.